ನಾನೂ ಕಾದೆ

“ಸುಳ್ಳ್ ಹೇಳ್ಬೇಡಿ ಅಪ್ಪಯ್ಯ! ದುಡ್ಡ್ ಇಲ್ಲೇ ಇತ್ತಲೆ!”

ಅಮಿತಾ ಅಪ್ಪನ ಮೊಬೈಲನ್ನು ಎತ್ತಿ ತೋರಿಸಿದಳು. ಅದರಲ್ಲಿ ನೈಜೀರಿಯಾದ ಬ್ಯಾಂಕಿನ ಲೆಕ್ಕ, ಉದ್ದಕ್ಕೆ ಸೊನ್ನೆಗಳು. ಅಪ್ಪ ಅಲ್ಲಿ ಹೋಟೆಲಿನ ಅಡುಗೆಮನೆಯಲ್ಲಿ ಮೂರು ವರ್ಷ ದುಡಿದು, ಮೊನ್ನೆಯಷ್ಟೇ ತಮ್ಮೂರು ಉಪ್ಪುಂದಕ್ಕೆ ಬಂದಿದ್ದ. ಆ ದುಡ್ಡಿನಲ್ಲಿ ಸ್ವಂತ ದೋಣಿ ಬರಬೇಕಿತ್ತು. ದೋಣಿಗೆ ‘ಅಮಿತಾ’ ಅಂತ ಹೆಸರು. ಅದನ್ನು ಅವಳು ಕ್ಲಾಸಿಗೆಲ್ಲ ಡಂಗುರ ಸಾರಿ ಆಗಿತ್ತು.

“ಅದ್ ನೈರಾ ಮಗಾ, ಅಲ್ಲಿನ ದುಡ್ಡ್. ನಾನ್ ಅಲ್ಲಿಗ್ ಹೋಪತಿಗೆ ಆರ್ ನೈರಾ ಕೊಟ್ರೆ ಒಂದ್ ರೂಪಾಯಿ ಸಿಕ್ತಿತ್. ಈಗ ಹದಿನೆಂಟ್ ಕೊಡ್ಕ್. ಅದ್ರ ಬೆಲೆ ಇಳೂಕೆ ಶುರುವಾದಾಗ್ಲೇ ಊರಿಗ್ ಕಳ್ಸ್‌ಕಿತ್. ಏರತ್ತ್ ಅಂದೇಳಿ ಕಾದೆ.”

ಈಗ ದೋಣಿ ಹಾಗಿರಲಿ, ಅದರ ಎಂಜಿನ್ನಿಗೂ ದುಡ್ಡು ಸಾಲದು.

ಅಮಿತಾಳ ತಲೆಗೆ ಒಂದೂ ಹೋಗಲಿಲ್ಲ. ದೋಣಿ ಇನ್ನೂ ಬಂದಿಲ್ಲವೆಂದು ನಿನ್ನೆ ಶಾಲೆಯಲ್ಲಿ ಅವಳ ಕ್ಲಾಸಿನ ಸುಶಾಂತ್ ಎಲ್ಲರೆದುರು ಹೇಳಿದ್ದ, “ನಿಮ್ ಅಪ್ಪಯ್ಯ ದುಡ್ಡೆಲ್ಲ ಅಲ್ಲೇ ಖರ್ಚ್ ಮಾಡ್ಕಂಡ್ ಬಂದಿರ್ ಕಾಂತ್!” ಅವನ ಮೇಲೆ ಸಿಟ್ಟು ಬಂದಿತ್ತು. ಆದರೆ ಅದೇ ಅನುಮಾನ ಅವಳಿಗೂ ಇತ್ತು. ಅದಕ್ಕೆ ಅವಳಿಗೆ ನಾಚಿಕೆಯಾಗುತ್ತಿತ್ತು.

ಅವತ್ತು ಭಾನುವಾರ. ಅಪ್ಪನ ಜೊತೆ ಮನೆಯಲ್ಲಿರಲು ಮನಸ್ಸಾಗದೆ ಅಮ್ಮನ ಜೊತೆ ಮೀನು ಮಾರ್ಕೆಟಿಗೆ ಹೋದಳು.

ಬೆಳಿಗ್ಗೆ ದಡಕ್ಕೆ ಬಂದದ್ದು ಎರಡೇ ದೋಣಿ. ನೂರು ರೂಪಾಯಿಗೆ ನಾಲ್ಕು ಬಂಗುಡೆ ಎಂದರೂ ಜನ ಮುಗಿಬಿದ್ದರು. ಬುಟ್ಟಿ ಅರ್ಧ ಖಾಲಿಯಾಯಿತು.

“ಐಸ್ ತಕಂಡ್ ಬತ್ತೆ. ಯಾರಾರೂ ನೂರಕ್ಕೆ ಆರ್ ಕೇಂಡ್ರೆ ಕೊಟ್ಬಿಡ್, ಆಯ್ತಾ?” ಎಂದು ಅಮ್ಮ ಎದ್ದಳು.

ಅಮ್ಮ ಆಚೆ ಹೋಗಿದ್ದೇ ತಡ, ಪೇಟೆಯ ಹೋಟೆಲಿನ ಪ್ರೇಮಾನಂದಣ್ಣ ಬಂದ. “ಹ್ವಾಯ್, ನೂರಕ್ಕೆ ಆರ್ ಕೊಡ್ತ್ಯಾ? ಪೂರಾ ತಕಂತೆ.”

“ಇಲ್ಲೆ, ನಾಲ್ಕೇ!” ಎಂದಳು ಅಮಿತಾ. ಇಷ್ಟು ಹೊತ್ತು ನೂರಕ್ಕೆ ನಾಲ್ಕರಂತೆಯೇ ಹೋಗಿತ್ತಲ್ಲ? ಕಾದರೆ ಇನ್ನೂ ಏರಬಹುದು. ಅವನು ನಕ್ಕು ಮುಂದೆ ನಡೆದ.

ಸ್ವಲ್ಪ ಹೊತ್ತಿಗೆ ಟೆಂಪೋ ಬಂತು. ಅದರ ಹಿಂದೆ ಇನ್ನೊಂದು. ಎರಡರಲ್ಲೂ ಬಂಗುಡೆಯೇ. ನೂರಕ್ಕೆ ಎಂಟಾಯಿತು, ಹತ್ತಾಯಿತು, ಕೊನೆಗೆ ಹದಿನೈದು ಎಂದು ಕೂಗತೊಡಗಿದರು. ಅಮಿತಾಳ ಬುಟ್ಟಿಯಲ್ಲಿ ಉಳಿದಿದ್ದ ಮೀನಿನಲ್ಲಿ ಒಂದೂ ಕಡಿಮೆಯಾಗಿರಲಿಲ್ಲ. ಆದರೂ ಅವಳಿಗೆ ಅಳು ಬಂತು.

“ಎಂತಕೆ ಕೊಡ್ಲಿಲ್ಲೆ ಮಗಾ?” ದಾರಿಯಲ್ಲಿ ಪ್ರೇಮಾನಂದಣ್ಣನನ್ನು ಕಂಡು, ಐಸ್ ಹಿಡಿದು ಬಂದ ಅಮ್ಮ ಕೇಳಿದಳು.

“ಏರತ್ತ್ ಅಂದೇಳಿ...” ಅಮಿತಾ ಅಷ್ಟಕ್ಕೇ ನಿಲ್ಲಿಸಿದಳು. ಈ ಮಾತನ್ನು ಬೆಳಿಗ್ಗೆಯಷ್ಟೇ ಕೇಳಿದ್ದಳು.

ಅಮ್ಮ ಬೈಯಲಿಲ್ಲ. ಉಳಿದ ಮೀನಿನ ಮೇಲೆ ಐಸ್ ಹರಡಿದಳು.

ಮನೆಗೆ ಬಂದಾಗ ಅಪ್ಪ ಜಗಲಿಯಲ್ಲೇ ಕೂತಿದ್ದ. ಮೊಬೈಲ್ ಪಕ್ಕದಲ್ಲಿ ಬೋರಲು ಬಿದ್ದಿತ್ತು. ಅವನ ಎರಡೂ ಕೈಗಳ ಮೇಲೆ ಎಣ್ಣೆ ಸಿಡಿದ ಕಪ್ಪು ಕಲೆಗಳು. ಮೂರು ದಿನದಿಂದ ಎದುರಿಗೇ ಇದ್ದರೂ ಅವಳು ಅವನ್ನು ನೋಡಿರಲಿಲ್ಲ.

ಅಮಿತಾ ಅವನಿಗೆ ಒತ್ತಿಕೊಂಡು ಕೂತಳು.

“ಅಪ್ಪಯ್ಯ, ನಾನೂ ಕಾದೆ.”

ಅಪ್ಪ ಅವಳ ಮುಖ ನೋಡಿದ, ಅಮ್ಮ ಕೆಳಗಿಟ್ಟ ಬುಟ್ಟಿ ನೋಡಿದ. ಆಮೇಲೆ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ.