ಮೊದಲು ಕೊಳ್ಳುವ ಹಕ್ಕು

ವರ್ನನ್ ಟ್ಯಾಕೆಟ್ ತನ್ನ ವೃತ್ತಿಯಲ್ಲಿ ಒಂದೇ ಒಂದು ಸಲ ಗಿರಾಕಿಗೆ ನಿಜ ಹೇಳಿದ್ದ. ಅದಕ್ಕೇ ಅವನ ಕೆಲಸ ಹೋಯಿತು.

ಫ್ಲಾರಿಡಾದ ಕಿಸಿಮೀ ಊರಾಚೆಯ ಸ್ಪೂನ್‌ಬಿಲ್ ಲೇಕ್ ರೆಸಾರ್ಟಿನಲ್ಲಿ ಅವನು ಹತ್ತೊಂಬತ್ತು ವರ್ಷ ಟೈಮ್‌ಶೇರ್ ಮಾರಿದ್ದ. ಕೆರೆ ದಂಡೆಯ ಒಂದೊಂದು ಮನೆಯನ್ನೂ ವಾರವಾರವಾಗಿ ಕತ್ತರಿಸಿ, ವರ್ಷಕ್ಕೊಂದು ವಾರದ ಲೆಕ್ಕದಲ್ಲಿ ಒಬ್ಬೊಬ್ಬರ ಕುತ್ತಿಗೆಗೆ ಕಟ್ಟುವ ಕೆಲಸ ಅದು. ಪುಕ್ಕಟೆ ತಿಂಡಿಯ ಆಸೆಗೆ ಬಂದ ಮುದುಕ ಮುದುಕಿಯರನ್ನು ಸಹಿ ಬೀಳುವವರೆಗೂ ಕುರ್ಚಿಯಿಂದ ಏಳಗೊಡದಿರುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಒಂದು ದಿನ, ಸಹಿ ಹಾಕಿದ ವಿಧವೆಯೊಬ್ಬಳು ಪರ್ಸಿನಲ್ಲಿ ಉಳಿದ ನೋಟು ಎಣಿಸುವುದನ್ನು ಕಂಡು ಏನನ್ನಿಸಿತೋ, "ಹತ್ತು ದಿನದೊಳಗೆ ಬೇಡ ಅಂತ ಬರೆದುಕೊಟ್ರೆ ದುಡ್ಡು ವಾಪಸ್ ಬರತ್ತೆ ಮೇಡಂ" ಎಂದು ಪಿಸುಗುಟ್ಟಿದ. ಆಕೆ ಬರೆದುಕೊಟ್ಟಳು. ಹೇಳಿಕೊಟ್ಟ ಪುಣ್ಯಾತ್ಮನ ಹೆಸರನ್ನೂ ಕೃತಜ್ಞತೆಯಿಂದ ಬರೆದಳು. ಸಂಜೆಯೊಳಗೆ ಕಂಪನಿ ಅವನ ಬ್ಯಾಡ್ಜ್ ಕಿತ್ತುಕೊಂಡಿತು, ಬರಬೇಕಿದ್ದ ಕಮಿಷನ್ನನ್ನೂ ನುಂಗಿತು. ಅಷ್ಟು ವರ್ಷ ಸುಳ್ಳು ಹೇಳಿದಾಗ ಬೆನ್ನು ತಟ್ಟಿದವರೇ ಆ ದಿನ ಅವನನ್ನು ಗೇಟಿನವರೆಗೆ ನಡೆಸಿ ಬಿಟ್ಟುಬಂದರು.

ಈಗ ಅವನು ತಂಗಿ ಮಾರ್ಲಿಸ್‌ಳ ಗ್ಯಾರೇಜಿನಲ್ಲಿ ಮಂಚ ಹಾಕಿಕೊಂಡು ಮಲಗುತ್ತಿದ್ದ. ಹಗಲು ಸತ್ತವರ ಮನೆ ಖಾಲಿ ಮಾಡುವ ಕೆಲಸ. ದೇಶದ ಮುದುಕರೆಲ್ಲ ಬಂದು ನೆಲಸುವ ಫ್ಲಾರಿಡಾದಲ್ಲಿ ಆ ಕೆಲಸಕ್ಕೆ ಎಂದೂ ಬರವಿಲ್ಲ. ಹಳೆಯ ಸೋಫಾ, ಹಳೆಯ ಚಪ್ಪಲಿ, ಅರ್ಧ ಉಳಿದ ಔಷಧಿ ಡಬ್ಬಿಗಳನ್ನು ಲಾರಿಗೆ ತುಂಬುವಾಗಲೆಲ್ಲ ಅವನಿಗೆ ಸ್ಪೂನ್‌ಬಿಲ್‌ನ ಹೊಟ್ಟೆ ತುಂಬಿದವರ ಮುಖಗಳು ನೆನಪಾಗುತ್ತಿದ್ದವು, ಒಳಗೆಲ್ಲ ಉರಿಯುತ್ತಿತ್ತು. ಆ ಉರಿಯನ್ನು ಅವನು ಹತ್ತಿರದ ನೆಂಟನನ್ನು ನೋಡಿಕೊಂಡ ಹಾಗೆ ನೋಡಿಕೊಂಡ.

ಜನವರಿಯಲ್ಲಿ ಆರ್ವಿಲ್ ಲಿಂಡ್ ಎಂಬವನ ಬಾಡಿಗೆ ಮನೆ ಖಾಲಿ ಮಾಡುವಾಗ, ಅಡಿಗೆಮನೆಯ ಡ್ರಾಯರಿನಲ್ಲಿ ರಿಯಾಯಿತಿ ಚೀಟಿಗಳ ಕೆಳಗೆ ವರ್ನನ್‌ಗೆ ಚಿರಪರಿಚಿತವಾದ ನೀಲಿ ಕವರು ಸಿಕ್ಕಿತು. ಒಳಗೆ ಕರಾರು: ಸ್ಪೂನ್‌ಬಿಲ್‌ನ ಕೆರೆ ಕಾಣುವ ಮನೆ, ಫೆಬ್ರವರಿಯ ಎರಡನೆಯ ವಾರ, ಸಾಲ ಪೂರ್ತಿ ತೀರಿದೆ. ಮನೆ ಮಾಲೀಕ ಬಾಗಿಲಲ್ಲಿ ನಿಂತು ಸಿಗರೇಟು ಸೇದುತ್ತಿದ್ದ.

"ಯಾರೂ ಇಲ್ವಾ ಇವ್ರಿಗೆ?" ವರ್ನನ್ ಕೇಳಿದ.

"ಒಂದು ನಾಯಿನೂ ಇರ್ಲಿಲ್ಲ. ಉತ್ತರದ ಮಿನೆಸೋಟ ರಾಜ್ಯದೋನು. ಮದುವೆ ಇಲ್ಲ, ಮಕ್ಕಳಿಲ್ಲ. ಆಸ್ಪತ್ರೆಗೆ ಹೋದ, ಅಲ್ಲೇ ಹೋದ. ಯಾಕೆ, ನಿಂಗೇನಾದ್ರೂ ಬೇಕಿತ್ತಾ?"

"ಟೋಸ್ಟರ್ ಚೆನ್ನಾಗಿದೆ" ಎಂದ ವರ್ನನ್. ಟೋಸ್ಟರಿನ ಜೊತೆ ನೀಲಿ ಕವರೂ ಆರ್ವಿಲ್‌ನ ಡ್ರೈವಿಂಗ್ ಲೈಸೆನ್ಸೂ ಅವನ ಚೀಲ ಸೇರಿದವು.

ಉಪಾಯ ಆ ವಾರದಲ್ಲೇ ಪೂರ್ತಿ ಆಕಾರ ಪಡೆಯಿತು. ಸ್ಪೂನ್‌ಬಿಲ್‌ನ ಪ್ರತಿ ಕರಾರಿನಲ್ಲೂ ಒಂದು ಷರತ್ತಿದೆ. ಮಾಲೀಕ ತನ್ನ ವಾರವನ್ನು ಬೇರೆಯವರಿಗೆ ಮಾರಲು ಹೊರಟರೆ, ಕುದುರಿದ ವ್ಯಾಪಾರವನ್ನು ಮೊದಲು ಕಂಪನಿಗೆ ತೋರಿಸಬೇಕು. ಬೆಲೆ ಅಗ್ಗವೆನ್ನಿಸಿದರೆ ಕಂಪನಿ ಕೊಳ್ಳುವವನನ್ನು ಪಕ್ಕಕ್ಕೆ ತಳ್ಳಿ, ಅದೇ ಬೆಲೆಗೆ ತಾನೇ ಎತ್ತಿಕೊಳ್ಳಬಹುದು. ಮೊದಲು ಕೊಳ್ಳುವ ಹಕ್ಕು ತನ್ನದು. ಹಳೆಯ ವಾರಗಳನ್ನು ಹುಡುಕಿ ಕೊಳ್ಳುವವರೆಲ್ಲ ಈ ಹಕ್ಕಿಗೆ ಶಾಪ ಹಾಕುತ್ತಾರೆ, ಕಂಪನಿಯ ಕಣ್ಣು ಬೀಳದಿರಲೆಂದು ಬೆಲೆಯನ್ನು ಬೇಕೆಂದೇ ಏರಿಸುತ್ತಾರೆ. ವರ್ನನ್ ಇಳಿಸಲಿದ್ದ. ಯಾವ ಬೆಲೆಗೆ ಕಂಪನಿಯ ಬಾಯಲ್ಲಿ ನೀರೂರುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು?

ಸತ್ತವನ ವಾರವನ್ನು ಸಂಸಾರವಂದಿಗನೊಬ್ಬನಿಗೆ ಮಾರಿದರೆ ಅವನು ಮಕ್ಕಳುಮರಿ ಕಟ್ಟಿಕೊಂಡು ಬರುತ್ತಾನೆ, ಹಿಂದಿನ ಮಾಲೀಕ ಯಾರು ಎತ್ತ ಎಂದು ವಿಚಾರಿಸುತ್ತಾನೆ. ಕಂಪನಿ ವಿಚಾರಿಸುವುದಿಲ್ಲ. ಕೊಂಡು ಕಪಾಟಿಗೆ ಸೇರಿಸಿ, ಮರುದಿನ ಇನ್ನೊಬ್ಬ ಮುದುಕಿಯ ತಲೆಗೆ ಕಟ್ಟುತ್ತದೆ. ತನ್ನ ಹಕ್ಕೆಂದು ಮೇಲೆಬಿದ್ದು ಕಿತ್ತುಕೊಂಡ ಮಾಲು ಕಳವಿನದೆಂದು ಎಂದೋ ಗೊತ್ತಾದರೂ, ನಾಚಿಕೆಗೆ ಬಾಯಿ ಬಿಡುವುದಿಲ್ಲ. ಇದನ್ನು ನೆನೆದು ವರ್ನನ್ ಗ್ಯಾರೇಜಿನಲ್ಲಿ ಒಬ್ಬನೇ ನಕ್ಕ.

ಅವಸರ ಮಾಡಲಿಲ್ಲ. ಎರಡೂ ರಾಜ್ಯಗಳ ಪತ್ರಿಕೆಗಳನ್ನು ತಡಕಿದ, ಆರ್ವಿಲ್‌ನ ನಿಧನವಾರ್ತೆ ಎಲ್ಲೂ ಇರಲಿಲ್ಲ. ಅವನು ಯಾವ ಚರ್ಚಿಗೂ ಸೇರಿದವನಲ್ಲ. ರೆಸಾರ್ಟಿನ ವರ್ಷದ ಶುಲ್ಕ ಅವನ ಬ್ಯಾಂಕಿನಿಂದ ತಾನಾಗಿ ಹೋಗುತ್ತಿತ್ತು. ಕಂಪನಿಯ ಲೆಕ್ಕದಲ್ಲಿ ಅವನಿನ್ನೂ ಬದುಕಿದ್ದಾನೆಯೇ ಎಂದು ತಿಳಿಯಲು ಆರ್ವಿಲ್‌ನಂತೆಯೇ ಕೆಮ್ಮುತ್ತ ಫೋನ್ ಮಾಡಿದ. ಅಂದರೆ, ಆರ್ವಿಲ್ ಹೇಗೆ ಕೆಮ್ಮುತ್ತಿದ್ದನೆಂದು ತಾನು ಊಹಿಸಿಕೊಂಡಿದ್ದಂತೆ. ಎಲ್ಲೋ ದೂರದ ಕಾಲ್ ಸೆಂಟರಿನ ಹುಡುಗಿ "ನಿಮ್ಮ ದಿನ ಚೆನ್ನಾಗಿರ್ಲಿ, ಲಿಂಡ್ ಅವ್ರೇ" ಎಂದು ಹಾರೈಸಿದಳು. ಲೈಸೆನ್ಸಿನ ಚಿತ್ರದಲ್ಲಿ ಬಿಳಿ ಗಡ್ಡ, ಕಿವಿ ಮುಚ್ಚುವ ಕೂದಲು. ವರ್ನನ್ ಗಡ್ಡ ಬಿಟ್ಟ. ಮಾರ್ಚಿನಲ್ಲಿ, ಕಂಪ್ಯೂಟರ್ ಪರದೆಯಲ್ಲೇ ಮುಖ ನೋಡಿ ಮುದ್ರೆ ಒತ್ತುವ ನೋಟರಿಯೊಬ್ಬಳ ಮುಂದೆ ಕೂತು ಆರ್ವಿಲ್ ಲಿಂಡ್ ಆಗಿ ಸಹಿ ಹಾಕಿದ. ಆಕೆ ಆಕಳಿಸುತ್ತ ಮುದ್ರೆ ಒತ್ತಿದಳು. ಹಣ ಬಂದು ಬೀಳಲು ಅದೇ ಹೆಸರಿನ ಖಾತೆ ತಯಾರಿತ್ತು.

ಪಕ್ಕಕ್ಕೆ ತಳ್ಳಿಸಿಕೊಳ್ಳಲು ಒಬ್ಬರು ಬೇಕಿತ್ತು. ಅದಕ್ಕೆ ಮಾರ್ಲಿಸ್ ಇದ್ದಳು. ಹೆದ್ದಾರಿ ಪಕ್ಕದ ಬಫೆ ಹೋಟೆಲಿನಲ್ಲಿ, ರಜೆಗೆ ಬಂದವರಿಗೆ ಆಮ್ಲೆಟ್ ಹೊಯ್ದುಕೊಡುತ್ತ ಅವಳ ಅರ್ಧ ಆಯುಸ್ಸು ಕಳೆದಿತ್ತು. ತಾನು ಎಂದೂ ರಜೆಗೆ ಹೋದವಳಲ್ಲ.

"ನಾನ್ಯಾಕೆ ಸಹಿ ಹಾಕ್ಬೇಕು?" ಎಂದಳು.

"ಹೆಸರಿಗಷ್ಟೇ ಕಣೆ. ನನ್ನ ಹಳೇ ಗಿರಾಕಿ ಒಬ್ರು ಮಾರ್ತಿದಾರೆ. ಕಂಪನಿಯವರು ನಿನ್ನ ತಳ್ಳಿ ತಾವೇ ತಗೋತಾರೆ. ನಂಗೆ ದಲ್ಲಾಳಿ ಕಾಸು ಸಿಗತ್ತೆ."

"ತಳ್ಳದೇ ಹೋದ್ರೆ?"

"ತಳ್ತಾರೆ."

"ಹೋದ್ರೆ ಅಂದೆ ಕಣೋ, ವರ್ನ್. ಆ ವಾರ ನಂದಾಗತ್ತಾ? ಬೆಳಗ್ಗೆ ಎದ್ದು ಕಿಟಕಿ ತೆಗೆದ್ರೆ ಕೆರೆ ಕಾಣತ್ತಾ?"

"ಕಾಣತ್ತೆ. ಅದರಲ್ಲಿ ಮೊಸಳೆನೂ ಕಾಣತ್ತೆ."

"ಇರ್ಲಿ ಬಿಡು, ಅದಕ್ಕೆ ನಾನು ಆಮ್ಲೆಟ್ ಮಾಡಿ ಹಾಕ್ಬೇಕಾಗಿಲ್ವಲ್ಲ" ಎಂದು ಸಹಿ ಹಾಕಿದಳು.

ವರ್ನನ್ ಕಾಗದವನ್ನು ತನ್ನತ್ತ ಎಳೆದುಕೊಂಡು ಆ ಸಹಿಯನ್ನೇ ನೋಡಿದ. ಇಡೀ ಕರಾರಿನಲ್ಲಿ ನಿಜವಾದ ಸಹಿ ಅವಳದೊಂದೇ. ಕೆಟ್ಟರೆ ಮೊದಲು ಸಿಕ್ಕಿಬೀಳುವವಳು ಅವಳೇ. ಆದರೆ ಕೆಡುವುದಾದರೂ ಹೇಗೆಂದು ಎಲ್ಲ ದಿಕ್ಕಿನಿಂದ ಹುಡುಕಿದರೂ ಅವನಿಗೆ ದಾರಿ ಕಾಣಲಿಲ್ಲ. ಹಣ ಬಂದ ಮೇಲೆ ಅವಳನ್ನು ಬಫೆಯಿಂದ ಬಿಡಿಸಿ ಬೇರೆ ಊರಿಗೆ ಕರೆದೊಯ್ಯುವುದೆಂದು ಸಮಾಧಾನ ಮಾಡಿಕೊಂಡ.

ಏಪ್ರಿಲ್‌ನಲ್ಲಿ ಕಂಪನಿ ಗಾಳ ನುಂಗಿತು. ತನ್ನ ಹಕ್ಕು ಚಲಾಯಿಸುವುದಾಗಿ ತಿಳಿಸಿತು. ಮಾರ್ಲಿಸ್ ಟ್ಯಾಕೆಟ್ ಅವರು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ, ಕರಾರಿಗೆಂದು ಅವರ ಹೆಸರಿನಲ್ಲಿ ಕಟ್ಟಿದ್ದ ಮುಂಗಡ ವಾಪಸ್ ಪಡೆಯಲು ರೆಸಾರ್ಟಿಗೆ ಬರಬೇಕೆಂದೂ ಕೇಳಿಕೊಂಡಿತು. ಅಂಚೆಯಲ್ಲೂ ಆಗುವ ಕೆಲಸ ಅದು. ವರ್ನನ್ ಹಾಗೆಯೇ ಹೇಳಿದ.

"ಒಂದು ಸಲ ನೋಡ್ಕೊಂಡಾದ್ರೂ ಬರ್ತೀನಿ" ಎಂದಳು ಮಾರ್ಲಿಸ್. "ನಂದಾಗ್ಬೇಕಿದ್ದ ಕೆರೆ ಅಲ್ವಾ."

ಅವನು ತಡೆಯಲಿಲ್ಲ. ಗೆದ್ದವನ ಉದಾರತನ ಅವನಲ್ಲಿ ತುಂಬಿತ್ತು. ಅವಳು ನೀಲಿ ಉಡುಪು ತೊಟ್ಟು ತುಟಿಗೆ ಬಣ್ಣ ಹಚ್ಚಿ ಹೊರಟಳು. ಅವನು ಬಚ್ಚಲಿನಲ್ಲಿ ನಿಂತು ಆರ್ವಿಲ್‌ನ ಗಡ್ಡ ಬೋಳಿಸತೊಡಗಿದ. ಒಂದು ಕೆನ್ನೆ ಮುಗಿಯುವಷ್ಟರಲ್ಲಿ ಫೋನ್ ಬಂತು.

"ವರ್ನ್, ಇಲ್ಲಿ ಪೊಲೀಸ್ನೋರು ಬಂದು ಕೂತಿದಾರೆ" ಎಂದಳು ಮಾರ್ಲಿಸ್. ಅವಳ ದನಿ ತೀರಾ ಸಣ್ಣದಾಗಿತ್ತು. "ಲಿಂಡ್ ಅವ್ರನ್ನ ಯಾವಾಗ ನೋಡಿದ್ರಿ ಅಂತ ಕೇಳ್ತಿದಾರೆ. ನಿನ್ನ ಹಳೇ ಗಿರಾಕಿ ಅಂದೆ. ನೀನು ಹಂಗೇ ಹೇಳಿದ್ದೆ ಅಲ್ವಾ? ನನ್ನ ಮನೆಗೆ ಬಿಡ್ತಿಲ್ಲ ಕಣೋ."

ಫೋನು ಕೈ ಬದಲಾಯಿತು. ಮಾತಾಡಿದವನು ರೆಸಾರ್ಟಿನ ಮ್ಯಾನೇಜರ್ ಪ್ರೆಂಟಿಸ್. ಮಾರಾಟದವರ ಕಟ್ಟಡಕ್ಕೆ ಎಂದೂ ಕಾಲಿಡದ, ವರ್ನನ್ ಎಂದೂ ಲೆಕ್ಕಕ್ಕಿಟ್ಟುಕೊಳ್ಳದ ಮೆಲುಮಾತಿನ ಮನುಷ್ಯ. ಬೇರೆ ಯಾರೇ ಕೊಂಡಿದ್ದರೂ ಈ ಕಾಗದ ತನ್ನ ಮೇಜಿಗೆ ಬರುತ್ತಿರಲಿಲ್ಲ, ಕಂಪನಿಯೇ ಕೊಳ್ಳುವಾಗ ಮಾತ್ರ ಮನೆ ನೋಡಿ ಒಪ್ಪಿಗೆ ಹಾಕಲು ತನಗೆ ಕಳಿಸುತ್ತಾರೆ ಎಂದ. ಈ ಸಲ ಫೆಬ್ರವರಿಯ ಎರಡನೆಯ ವಾರ, ಪ್ರತಿ ವರ್ಷ ಅದೇ ವಾರಕ್ಕೆ ಬರುವ ಮುದುಕರೆಲ್ಲ ಸ್ವೆಟರ್ ತೊಟ್ಟು ದಂಡೆಯಲ್ಲಿ ನಿಂತು ಆರ್ವಿಲ್‌ನ ಬೂದಿಯನ್ನು ಕೆರೆಗೆ ಬಿಟ್ಟರಂತೆ. ಡಬ್ಬಿ ಹಿಡಿದಿದ್ದವನು ಪ್ರೆಂಟಿಸ್‌ನೇ. "ಅವ್ನಿಗೆ ಯಾರೂ ಇರ್ಲಿಲ್ವಲ್ಲ" ಎಂದ ವರ್ನನ್. ಬಾಯಿ ತಪ್ಪಿ ಬಂದ ಆ ಮಾತನ್ನು ಪೊಲೀಸರೂ ಕೇಳಿಸಿಕೊಂಡರು. ಇದು ನಿಮ್ಮದೇ ಮನೆ ಎಂದು ಹತ್ತೊಂಬತ್ತು ವರ್ಷ ಸಾವಿರಾರು ಜನರಿಗೆ ಹೇಳಿ ಮಾರಿದ್ದ ಅವನಿಗೆ, ಅದನ್ನು ಒಬ್ಬನಾದರೂ ನಂಬಿರಬಹುದೆಂದು ಹೊಳೆದಿರಲೇ ಇಲ್ಲ. "ಆಸ್ಪತ್ರೆಯಲ್ಲಿ ಲಿಂಡ್ ಅವ್ರನ್ನ ಕೇಳಿದ್ರಂತೆ, ಏನಾದ್ರೂ ಆದ್ರೆ ಮನೆಯವರಿಗೆ ತಿಳಿಸ್ಬೇಕು, ನಂಬರ್ ಕೊಡಿ ಅಂತ" ಎಂದ ಪ್ರೆಂಟಿಸ್. "ಅವರು ನಮ್ಮ ರಿಸೆಪ್ಷನ್ ನಂಬರ್ ಬರೆಸಿದ್ರು."