ಅಕ್ಕನ ಹಳೆಯ ಕೋಟು ತೊಟ್ಟ ಖಳನಾಯಕಿ

"ನನ್ನ ವಿಲನ್‌ಗೆ ಈ ಕೋಟು ಹಾಕಿಸಿದ್ದು ಯಾರು?"

ಬಾಗಿಲು ದಡಾರನೆ ತೆರೆಯಿತು. ಇಸ್ತ್ರಿ ಮಾಡುತ್ತಿದ್ದ ಹುಡುಗಿಯ ಕೈ ಅಲ್ಲೇ ನಿಂತಿತು.

ಧಾರಾವಾಹಿಗೆ ಬಟ್ಟೆ ಹೊಲಿಯುವ ಆ ಕಿಟಕಿಯಿಲ್ಲದ ಕೋಣೆಗೆ ಕಥೆ ಬರೆಯುವವರು ಯಾವತ್ತೂ ಬಂದವರಲ್ಲ. ಇವತ್ತು ರೈಟರ್ ಖುದ್ದಾಗಿ ಬಂದು ನಿಂತಿದ್ದ. ಕೈಯಲ್ಲಿ ಬೂದು ಬಣ್ಣದ ಕೋಟು, ಮೂಗಿನ ತುದಿಯಲ್ಲಿ ಸಿಟ್ಟು!

"ನಾನೇ ಸರ್..."

ಸೆಟ್ಟಿನಲ್ಲಿ ಎಲ್ಲರೂ ಅವಳನ್ನು ಸೂಜಿ ಎಂದೇ ಕರೆಯುತ್ತಿದ್ದರು. ಇದ್ದರೂ ಕಾಣದಷ್ಟು ಸಣ್ಣಗೆ ಇರುವ ಹುಡುಗಿ.

"ಇದು ನಾಯಕಿಯ ಹಳೇ ಕೋಟು ಅಲ್ವಾ? ತೋಳು ಚಿಕ್ಕದು ಮಾಡಿ ಅವಳ ವಿಲನ್ ತಂಗಿಗೆ ಹಾಕಿದ್ದೀಯ. ನೋಡೋರು ಅದನ್ನ ಕಂಡುಹಿಡಿದು 'ಅಯ್ಯೋ ಪಾಪ' ಅಂತಿದ್ದಾರೆ! ಸ್ವಂತ ಅಕ್ಕನ ಅಂಗಡಿಗೆ ಬೆಂಕಿ ಇಟ್ಟೋಳಿಗೆ ಪಾಪ ಅಂತೆ! ನಾನು ಕಷ್ಟಪಟ್ಟು ಬರೆದ ಕೆಟ್ಟತನ ಎಲ್ಲ ನೀರುಪಾಲು!"

ಅವಳು ನೆಲ ನೋಡಿದಳು. ಆಮೇಲೆ, ಎಲ್ಲಿಂದ ಧೈರ್ಯ ಬಂತೋ...

"ನಿಮ್ಮ ಕಥೆಯಲ್ಲಿ ಅವಳಿಗೆ ಹೊಸ ಬಟ್ಟೆ ಯಾರು ಕೊಡಿಸಿದ್ರು ಸರ್?"

"ಏನು?"

"ಅಪ್ಪ ಏನು ತಂದ್ರೂ ಅಕ್ಕನಿಗೇ ಅಂತ ನೀವೇ ಬರ್ದಿದ್ದೀರ. ಹಾಗಾದ್ರೆ ಇವಳು ಏನು ಹಾಕ್ಕೋಬೇಕು?"

ರೈಟರ್ ಕೋಟನ್ನು ಮೇಜಿನ ಮೇಲಿಟ್ಟು ಹೊರಟೇಹೋದ.

'ಮುಗೀತು ನನ್ನ ಕೆಲಸ!' ಎಂದುಕೊಂಡಳು ಸೂಜಿ.

ಆದರೆ ಮರುದಿನ ಅವನು ಎರಡು ಲೋಟ ಚಹಾ ಹಿಡಿದು ಬಂದ. ಜೊತೆಗೆ ರಾತ್ರಿಯಿಡೀ ಯೋಚಿಸಿದ ವಾದ.

"ಹೊಟ್ಟೆಕಿಚ್ಚು ಹೊಟ್ಟೆಕಿಚ್ಚೇ ತಾನೇ? ಅವಳು ಮಾಡಿದ್ದು ಅನ್ಯಾಯ."

"ಅನ್ಯಾಯಾನೇ. ನಾನು ಅಲ್ಲ ಅಂದ್ನಾ? ಆದ್ರೆ ಅವಳು ಕಿರುಚುವಾಗ ಕ್ಯಾಮೆರಾ ಅವಳ ಮುಖದ ಮೇಲಿರುತ್ತೆ. ಅಪ್ಪ ಒಂದ್ಸಲ ತನ್ನ ಕಡೆ ನೋಡ್ಲಿ ಅಂತ ಕಾಯ್ತಾಳಲ್ಲ, ಆಗ ಯಾಕಿರಲ್ಲ?"

"ನೀನೇನು ಅವಳ ಲಾಯರಾ?"

"ದರ್ಜಿ ಸರ್. ಅಷ್ಟೇ."

ಅವನು ಜೋರಾಗಿ ನಕ್ಕುಬಿಟ್ಟ. ಅವಳಿಗೂ ನಗು ಬಂತು, ಚಹಾ ಲೋಟದೊಳಗೆ ಬಚ್ಚಿಟ್ಟಳು.

ಅಂದಿನಿಂದ ಊಟದ ಬಿಡುವಿನಲ್ಲಿ ಹೊಲಿಗೆ ಯಂತ್ರದ ಪಕ್ಕದ ಸ್ಟೂಲು ಅವನದಾಯಿತು. ಒಂದು ಮಧ್ಯಾಹ್ನ ಅವಳು ಯಾರಿಗೂ ಹೇಳದ್ದನ್ನು ಹೇಳಿದಳು.

"ಅಕ್ಕ ಓದ್ಲಿ ಅಂತ ನನ್ನನ್ನ ಶಾಲೆ ಬಿಡಿಸಿದ್ರು. ಅಕ್ಕ ತುಂಬಾ ಒಳ್ಳೆಯವಳು... ಅದೇ ಕಷ್ಟ. ಕೆಟ್ಟವಳಾಗಿದ್ರೆ ಬೈದು ಹಗುರ ಆಗ್ಬಹುದಿತ್ತು."

ಅವನು ಎಷ್ಟು ಗಮನವಿಟ್ಟು ಕೇಳಿದ!

'ಇವರಿಗೆ ನಾನು ಅರ್ಥ ಆಗ್ತೀನಿ...' ಅವಳ ಎದೆ ಬೆಚ್ಚಗಾಯಿತು.

ಒಂದು ಪಾತ್ರ ಮುಗಿದರೆ ಅದರ ಬಟ್ಟೆಗಳನ್ನು ಮಡಚಿ ಪೆಟ್ಟಿಗೆಗೆ ಹಾಕುವುದು ಆ ಕೋಣೆಯ ರೂಢಿ. ಕೆಲವು ವಾರಗಳ ನಂತರ ಮ್ಯಾನೇಜರ್ ಬಂದು, "ವಿಲನ್ ಬಟ್ಟೆಯೆಲ್ಲ ಪೆಟ್ಟಿಗೆಗೆ ಹಾಕು. ರೈಟರ್ ಹೇಳಿದ್ದಾರೆ. ಕೈದಿ ಬಟ್ಟೆ ಒಂದು ಹೊಲಿ" ಎಂದ.

ಅವಳು ಬೂದು ಕೋಟನ್ನು ಮಡಚಿ ಪೆಟ್ಟಿಗೆಯೊಳಗೆ ಇಟ್ಟಳು.

ಹೊಲಿದ ಬಟ್ಟೆ ಕೊಡಲು ಹೋದಾಗ ಜೈಲಿನ ಸೆಟ್ಟಿನಲ್ಲಿ ವಿಲನ್ ಪಾತ್ರದ ನಟಿ ಮಾತು ಒಪ್ಪಿಸುತ್ತಿದ್ದಳು: "ಅಕ್ಕ ತುಂಬಾ ಒಳ್ಳೆಯವಳು... ಅದೇ ಕಷ್ಟ..."

ತನ್ನ ಮಾತು! ಒಂದಕ್ಷರ ಬಿಡದೆ!

'ನನ್ನ ನೋವನ್ನ ತಗೊಂಡು ವಿಲನ್ ಬಾಯಿಗೆ ಹಾಕಿ, ಅವಳನ್ನ ಜೈಲಲ್ಲೇ ಮುಗಿಸಿಬಿಟ್ರಾ? ಸಿಟ್ಟಿರೋ ಹುಡುಗೀರಿಗೆ ಇಷ್ಟೇನಾ ಜಾಗ?'

ಮರುದಿನದಿಂದ ಅವಳು ಕೆಲಸಕ್ಕೆ ಹೋಗಲಿಲ್ಲ.

ಆ ವಾರದ ಕೊನೆಗೆ ರೈಟರ್ ಅವಳ ಮನೆಯ ಬಾಗಿಲು ತಟ್ಟಿದ. ತೆರೆದದ್ದು ಅವಳ ಅಕ್ಕ.

"ಓ, ನೀವೇನಾ ಆ ಕಥೆ ಬರೆಯೋರು? ಒಳಗೆ ಬನ್ನಿ. ಇವಳು ಸರಿಯಾಗಿ ಊಟ ಮಾಡ್ತಿಲ್ಲ. ಏನು ಮಾಡಿದ್ರಿ ಅಂತ ಆಮೇಲೆ ನನಗೂ ಹೇಳ್ಬೇಕು!" ಎಂದು ಅಡುಗೆಮನೆಗೆ ಹೋದಳು.

"ಯಾಕೆ ಬರ್ತಿಲ್ಲ?" ಮೂಲೆಯಲ್ಲಿ ಕೂತಿದ್ದ ಸೂಜಿಯನ್ನು ಅವನು ಮೆಲ್ಲಗೆ ಕೇಳಿದ.

"ಪೆಟ್ಟಿಗೆ ಕಟ್ಟಾಯ್ತಲ್ಲ. ಅವಳ ಕಥೆ ಮುಗೀತಲ್ಲ."

"ಮುಗಿದಿಲ್ಲ ಮಾರಾಯ್ತಿ! ಜೈಲಿನ ಸೆಟ್ಟು ಆವತ್ತೊಂದೇ ದಿನ ಸಿಕ್ತು, ಅದಕ್ಕೇ ಆ ಸೀನ್ ಮುಂಚಿತವಾಗಿ ಶೂಟ್ ಮಾಡಿದ್ವಿ. ಅವಳು ಶಿಕ್ಷೆ ಮುಗಿಸಿ ಮನೆಗೆ ಬರ್ತಾಳೆ. ಬಂದ ಮೇಲೆ ಅಕ್ಕನ ಹಳೇ ಬಟ್ಟೆ ಹಾಕಲ್ಲ. ಅದಕ್ಕೇ ಪೆಟ್ಟಿಗೆಗೆ ಹಾಕಿಸಿದ್ದು."

ಅವಳು ತಲೆಯೆತ್ತಿದಳು.

"ಮತ್ತೆ... ಅಕ್ಕನ ಮೇಲಿನ ಸಿಟ್ಟಲ್ಲಿ ನಾನು ಹೇಳಿದ ಮಾತು?"

"ಅದು ನನ್ನದೇ ತಪ್ಪು. ಕೇಳದೆ ತಗೊಂಡೆ. ಬೇಡ ಅಂದ್ರೆ ಇವತ್ತೇ ತೆಗೆಸ್ತೀನಿ."

ಅವಳು ಅವನಿಗೆ ಕುರ್ಚಿ ಎಳೆದುಕೊಟ್ಟಳು.

"ಇರ್ಲಿ. ಅವಳಿಗೂ ಹೇಳ್ಕೊಳ್ಳೋಕೆ ಒಂದು ಮಾತು ಬೇಕಲ್ಲ... ಇನ್ಮೇಲೆ ಕೇಳಿ ತಗೊಳ್ಳಿ."

"ಖಂಡಿತ. ಕಥೇಲಿ ಅವಳು ವಾಪಸ್ ಬಂದಾಗ ಅವಳ ಅಕ್ಕ ಏನನ್ಬೇಕು? ಏನು ಬರೆದರೂ ಸುಳ್ಳು ಅನಿಸ್ತಿದೆ."

"'ಕ್ಷಮಿಸಿದೆ' ಅಂತ ಮಾತ್ರ ಅನ್ನಿಸ್ಬೇಡಿ. ಮೊದಲು ಇವಳು ಬೆಂಕಿ ಇಟ್ಟಿದ್ದು ನಾನೇ ಅಂತ ಒಪ್ಕೊಳ್ಳಲಿ, ನೆಪ ಹೇಳದೆ. ಆಮೇಲೆ ಅಕ್ಕ ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡ್ಲಿ. ಸಾಕು."

ಅಡುಗೆಮನೆಯ ಪಾತ್ರೆ ಸದ್ದು ನಿಂತಿತು.

"ಅಷ್ಟು ಸಿಟ್ಟಿದ್ರೆ ನನ್ನ ಹತ್ರ ಹೇಳ್ಬಾರ್ದಿತ್ತಾ, ಕತ್ತೆ!" ಅಕ್ಕನ ದನಿ ಒದ್ದೆಯಾಗಿತ್ತು.

ಸೂಜಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಕಣ್ಣೊರೆಸಿಕೊಳ್ಳುತ್ತಾ ಅವನನ್ನು ಕೇಳಿದಳು, "ಮನಸಲ್ಲಿ ಸಿಟ್ಟಿಟ್ಕೊಂಡಿರೋ ಹುಡುಗೀನ ಯಾರಾದ್ರೂ ಇಷ್ಟಪಡ್ತಾರಾ?"

ಅದು ಧಾರಾವಾಹಿಯ ಪ್ರಶ್ನೆಯಲ್ಲ ಎಂದು ಅವನಿಗೆ ಗೊತ್ತಾಯಿತು.

"ಬೇರೆಯವರದ್ದು ಗೊತ್ತಿಲ್ಲ. ನನಗೆ ನೀನಂದ್ರೆ ತುಂಬಾ ಇಷ್ಟ."

"ನಾನು ಸುಮ್ಸುಮ್ನೆ ಸಿಡುಕ್ತೀನಿ..."

"ಸಿಡುಕು."

"ಮಾತೂ ಬಿಡ್ತೀನಿ."

"ಕಾಯ್ತೀನಿ."

"ಬೇಜಾರಾಗಲ್ವಾ?"

"ಆಗುತ್ತೆ. ಆದ್ರೂ ಕಾಯ್ತೀನಿ."

ಅವಳು ಉಸಿರಿನಷ್ಟೇ ಮೆತ್ತಗೆ ಏನೋ ಅಂದಳು.

"ಏನಂದೆ? ಇನ್ನೊಂದ್ಸಲ ಹೇಳು!"

"ಶ್... ಅಕ್ಕ ಕೇಳಿಸ್ಕೊಳ್ತಾಳೆ!"

"ಕೇಳಿಸ್ತು ಕೇಳಿಸ್ತು," ಒಳಗಿನಿಂದ ಅಕ್ಕ ಕೂಗಿದಳು, "ಅವಳಿಗೂ ನೀವಂದ್ರೆ ಇಷ್ಟ ಅಂತೆ!"