ಆಂಡರ್ಸನ್‌ಪೇಟೆಯ ಉಲ್ಟಾ ನಟ್ಟು

ಬೀಗ ತುಂಡಾಗಿ ಶೆಡ್ಡಿನ ಬಾಗಿಲ ಮುಂದೆ ಬಿದ್ದಿತ್ತು. ಒಳಗೆ ಮೇವು ಕತ್ತರಿಸುವ ಯಂತ್ರ ನಿಂತೇ ಇತ್ತು. ಆದರೆ ಅದರ ಚಕ್ರ ಮಾಯವಾಗಿತ್ತು. ಎರಡು ಅಲಗು ಕೂರಿಸಿದ, ಊಟದ ತಟ್ಟೆಯಷ್ಟು ಅಗಲದ ಚಕ್ರ. ಅದಿಲ್ಲದಿದ್ದರೆ ಆ ಯಂತ್ರ ಯಾವ ಹಸುವಿಗೂ ಪ್ರಯೋಜನವಿಲ್ಲ.

“ನಿನ್ನೆ ಸಾಯಂಕಾಲ ನಾನೇ ಗ್ರೀಸ್ ಆಕ್ದೆ ಕಣಮ್ಮ,” ಎಂದಳು ಸುಮಿತಾ.

ಅನಸೂಯಮ್ಮನ ಮೈಯೆಲ್ಲ ಉರಿಯಿತು. ಹೊತ್ತು ಮೂಡುವ ಮುಂಚೆ ಹಾಲು ಕರೆದು, ಕಾಮಸಮುದ್ರದ ಕಡೆಯಿಂದ ಮಗಳ ಜೊತೆ ಬಸ್ಸಿನಲ್ಲಿ ನಿಂತೇ ಬಂದಿದ್ದಳು. ಬಂದದ್ದು ಇದನ್ನು ನೋಡುವುದಕ್ಕೆ.

ಸುಮಿತಾ ಒಂಬತ್ತನೇ ತರಗತಿಯಲ್ಲಿ ಟೈಫಾಯ್ಡ್ ಬಂದು ಮಲಗಿದ್ದಳು. ಹಾಜರಿ ಸಾಲದು, ಅದೇ ತರಗತಿಯಲ್ಲಿ ಇನ್ನೊಂದು ವರ್ಷ ಕೂರಲಿ ಎಂದಿತ್ತು ಶಾಲೆ. “ಕೂರಕ್ಕೆ ನಮ್ಮನೇಲೇ ಜಾಗ ಐತೆ,” ಎಂದು ಅನಸೂಯಮ್ಮ ಮಗಳನ್ನು ಕರೆದುಕೊಂಡು ಬಂದಿದ್ದಳು. ಹುಡುಗಿ ಮನೆಯಲ್ಲೇ ಓದಿ, ಮುಕ್ತ ಶಾಲೆಯ ಪರೀಕ್ಷೆ ಬರೆದು ಹತ್ತನೇ ತರಗತಿ ಪಾಸು ಮಾಡಿದಳು. ಎಂಜಿನಿಯರಿಂಗ್ ಓದುತ್ತೇನೆ ಎಂದು ಹಟ ಹಿಡಿದಳು. ವಿಚಾರಿಸಿದ ಖಾಸಗಿ ಕಾಲೇಜುಗಳಲ್ಲೆಲ್ಲ ಹಸುಗಳನ್ನೆಲ್ಲ ಮಾರಿದರೂ ಸಾಲದಷ್ಟು ಫೀಸು.

ಆಗ ಸಿಕ್ಕವನು ನರೇಶ್ ಮೇಷ್ಟ್ರು. ಮನೆಯಲ್ಲಿ ಓದುವ ಮಕ್ಕಳಿಗೆಂದೇ ಆಂಡರ್ಸನ್‌ಪೇಟೆಯ ಈ ಶೆಡ್ಡಿನಲ್ಲಿ ಕಡಿಮೆ ಫೀಸಿನ ಎಂಜಿನಿಯರಿಂಗ್ ಕ್ಲಾಸು ನಡೆಸುತ್ತಿದ್ದ. ಇಲ್ಲಿ ಎರಡು ವರ್ಷ ಕಲಿತರೆ ಬಂಗಾರಪೇಟೆಯ ಕಾಲೇಜಿನಲ್ಲಿ ಡಿಪ್ಲೊಮಾ ಎರಡನೇ ವರ್ಷಕ್ಕೆ ನೇರ ಸೀಟು ಎಂದು ಮಾತು ಕೊಟ್ಟಿದ್ದ. ಇವತ್ತು ಆ ಕಾಲೇಜಿನ ಶಶಿರೇಖ ಮೇಡಂ ಮಕ್ಕಳು ಮಾಡಿದ ಯಂತ್ರ ನೋಡಲು ಬರುವವರಿದ್ದರು. ಕರೆದವಳು ಅನಸೂಯಮ್ಮನೇ. ಕಾಲೇಜಿನ ತನಕ ಹೋಗಿ ಕರೆದು, ನಿನ್ನೆ ಸಂಜೆ ನರೇಶನಿಗೆ ಸುದ್ದಿ ಮುಟ್ಟಿಸಿದ್ದಳು.

“ಮೊದಲು ಮೇಡಂಗೆ ಫೋನ್ ಮಾಡಿ ಬರಬೇಡಿ ಅನ್ನಿ ಅಕ್ಕಾ,” ಎಂದ ನರೇಶ್. “ಚಕ್ರ ಇಲ್ದೆ ಏನು ತೋರಿಸೋದು? ಮರ್ಯಾದೆ ಹೋಗುತ್ತೆ.”

“ಪೊಲೀಸ್‌ಗೆ ಮಾಡಾನ ಅಂದ್ರೆ ಮೇಡಂಗೆ ಮಾಡು ಅಂತೀರಲ್ಲ ಮೇಷ್ಟ್ರೇ,” ಎಂದಳು ಅನಸೂಯಮ್ಮ.

“ಪೊಲೀಸ್ ಯಾಕೆ? ಯಾರು ಅಂತ ಗೊತ್ತಿರೋದೇ.” ನರೇಶ್ ದನಿ ತಗ್ಗಿಸಿದ. “ಕುಪ್ಪುಸ್ವಾಮಿ. ಶೆಡ್ ಖಾಲಿ ಮಾಡಿ ಅಂತ ಎಷ್ಟು ದಿನದಿಂದ ಕಾಟ ಕೊಡ್ತಿದಾನೆ. ಗುಜರಿಗೆ ಹಾಕಿರ್ತಾನೆ.”

ಕುಪ್ಪುಸ್ವಾಮಿ ಶೆಡ್ಡಿನ ಯಜಮಾನ. ಬೀದಿಯ ಆಚೆ ಬದಿಯಲ್ಲೇ ಅವನ ದಿನಸಿ ಅಂಗಡಿ. ಶೆಡ್ಡಿನ ಒಂದು ಬೀಗದ ಕೈ ನರೇಶನ ಬಳಿ, ಇನ್ನೊಂದು ಅವನ ಬಳಿ ಇತ್ತು.

* * *

ಅನಸೂಯಮ್ಮ ಫೋನು ಮಾಡಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಗಿಲ ಬಳಿ ಕುಕ್ಕರುಗಾಲಲ್ಲಿ ಕೂತಳು. ಬೀಗದ ಕೊಂಡಿಯನ್ನು ಗರಗಸದಲ್ಲಿ ಕುಯ್ದಿದ್ದರು. ಕುಯ್ದ ಮೇಲೆ ಕಬ್ಬಿಣದ ಪುಡಿ ಉದುರಬೇಕು. ಹೊಸ್ತಿಲ ಮೇಲೆ ಒಂದು ಚೂರೂ ಇಲ್ಲ.

“ಲೇ ಸುಮಿ, ನಿನ್ನೆ ಕಸ ಗುಡಿಸ್ದೋರು ಯಾರೇ?”

“ನಾನೇ. ಮೂಲೆ ಮೂಲೇನೂ ಗುಡಿಸಿದೀನಿ.”

“ಅಂಗಾದ್ರೆ ಇದೇನು?”

ಶೆಡ್ಡಿನ ಒಳಗೆ, ಕಬ್ಬಿಣ ಕಚ್ಚಿಸಿ ಹಿಡಿಯುವ ವೈಸಿನ ಕೆಳಗೆ, ಪುಡಿ ಫಳಫಳ ಹೊಳೆಯುತ್ತಿತ್ತು. ಬೀಗವನ್ನು ಕುಯ್ದದ್ದು ಒಳಗೆ. ಅಂದರೆ ಮೊದಲು ಬೀಗದ ಕೈ ಹಾಕಿ ತೆಗೆದಿದ್ದಾರೆ. ಆಮೇಲೆ ಒಳಗೆ ತಂದು ಕುಯ್ದು, ಹೊರಗೆ ಎಸೆದಿದ್ದಾರೆ. ಬೀಗದ ಕೈ ಇರುವುದು ಇಬ್ಬರ ಹತ್ತಿರ.

ಯಂತ್ರದ ಪಕ್ಕ ಚಕ್ರದ ನಟ್ಟು ಒಂದು ಗೀರೂ ಇಲ್ಲದೆ ಕೂತಿತ್ತು.

“ಇದು ಉಲ್ಟಾ ನಟ್ಟು ಕಣಮ್ಮ,” ಎಂದು ಸುಮಿತಾ ಪಿಸುಗುಟ್ಟಿದಳು. “ಚಕ್ರ ಸುತ್ತೋ ರಭಸಕ್ಕೆ ಮಾಮೂಲಿ ನಟ್ಟು ಬಿಚ್ಕೊಂಬುಡ್ತದೆ. ಅದುಕ್ಕೇ ಇದರ ಥ್ರೆಡ್ಡು ತಿರುವು ಮುರುವು. ಗೊತ್ತಿಲ್ದೋರು ಬಿಚ್ಚಕ್ಕೋದ್ರೆ ಇನ್ನೂ ಬಿಗಿಯಾಯ್ತದೆ.”

ಅನಸೂಯಮ್ಮ ಮಗಳನ್ನೇ ದಿಟ್ಟಿಸಿದಳು. “ಅದನ್ನ ಈಗ ಚಕ್ರ ಇಲ್ದೇನೇ ಬಿಗಿಯಾಗಿ ಆಕು,” ಎಂದು ಹೇಳಿ ಬೀದಿ ದಾಟಿದಳು.

* * *

“ಕುಪ್ಪುಸ್ವಾಮಣ್ಣ, ಒಸಿ ಬನ್ನಿ. ಒಂದು ನಟ್ಟು ಬಿಚ್ಚಿಕೊಡಿ. ಎಣ್ಮಕ್ಕಳ ಕೈಲಿ ಆಯ್ತಿಲ್ಲ.”

“ಎನ್ನಮ್ಮಾ, ಶೆಡ್ ಬಿಡ್ರಿ ಅಂದ್ರೆ ಸೇವೆ ಬೇರೆ ಮಾಡಿಸ್ಕೋತೀರಾ?” ಕುಪ್ಪುಸ್ವಾಮಿ ತಮಿಳು ಬೆರೆಸಿ ಗೊಣಗುತ್ತಲೇ ಬಂದ. ಸ್ಪ್ಯಾನರ್ ಹಿಡಿದು, ಎಲ್ಲರೂ ತಿರುಗಿಸುವ ಕಡೆಗೇ ತಿರುಗಿಸಿದ. ಅಲ್ಲಾಡಲಿಲ್ಲ. ಕಾಲು ಕೊಟ್ಟು ಜಗ್ಗಿದ. ಕತ್ತಿನ ನರ ಉಬ್ಬಿದವು.

“ಅಯ್ಯೋ ಕಡವುಳೇ. ಇದಕ್ಕೇನು ವೆಲ್ಡಿಂಗ್ ಮಾಡಿದೀರಾ?”

“ಸಾಕು ಬುಡಿ, ಸೊಂಟ ಉಳುಕೀತು.”

ಅನಸೂಯಮ್ಮ ನರೇಶನ ಕಡೆ ತಿರುಗಿದಳು. “ಮೇಷ್ಟ್ರೇ, ನಿಮ್ಮ ಸ್ಕೂಟರ್ ದಿನಾ ಬಾಗಿಲಿಗೆ ಅಡ್ಡ ಇರ್ತಿತ್ತು. ಇವತ್ತು ಬೀದಿ ತುದೀಲಿ ಮರದ ಇಂದೆ ಐತೆ. ಡಿಕ್ಕಿ ತೆಗೀರಿ.”

“ಏನಕ್ಕಾ ನೀವು, ನನ್ ಮೇಲೇನೇ...”

“ತೆಗೀರಿ ಅಂದೆ.”

ನರೇಶ್ ಒಂದು ಹೆಜ್ಜೆ ಹಿಂದೆ ಇಟ್ಟ. ಕುಪ್ಪುಸ್ವಾಮಿ ಬಾಗಿಲಿಗೆ ಅಡ್ಡ ನಿಂತ. ಅವನ ಮೈ ಬಾಗಿಲಿನಷ್ಟೇ ಅಗಲ. ಬೇರೆ ದಾರಿ ಕಾಣದೆ ನರೇಶ್ ಕೀ ಕೊಟ್ಟ. ಸುಮಿತಾ ಓಡಿದಳು. ವಾಪಸು ಬಂದಾಗ ಚಕ್ರವನ್ನು ಕಂಕುಳಲ್ಲಿ ಅವುಚಿಕೊಂಡಿದ್ದಳು.

“ಬೀಗದ ಕೈ ಇರೋದು ಇಬ್ಬರತ್ರ,” ಎಂದಳು ಅನಸೂಯಮ್ಮ. “ಈ ನಟ್ಟು ಬಿಚ್ಚಕ್ಕೆ ಬರೋದು ಅದರಲ್ಲಿ ಒಬ್ರಿಗೇ. ಕಳ್ಳ ಬಂದ ಅಂತ ತೋರಿಸಕ್ಕೆ ಬೀಗ ಕುಯ್ದ್ರಿ, ಆದ್ರೆ ಕೆಲಸ ಕಲ್ತ ಕೈ ನೋಡಿ, ವೈಸ್‌ಗೆ ಕಚ್ಚಿಸ್ದೆ ಕುಯ್ಯಕ್ಕೆ ಮನಸು ಬರ್ಲಿಲ್ಲ. ಯಾಕೆ ಮಾಡಿದ್ರಿ ಅನ್ನೋದೊಂದೇ ನಂಗೊತ್ತಿಲ್ಲ.”

ಅಷ್ಟರಲ್ಲಿ ಹೊರಗೆ ಆಟೋ ನಿಂತಿತು.

* * *

ಶಶಿರೇಖ ಮೇಡಂ ಎಲ್ಲ ಕೇಳಿಸಿಕೊಂಡರು. ಅವರ ಹುಬ್ಬು ಗಂಟಿಕ್ಕಿತು.

“ನೇರ ಸೀಟಾ? ನಮ್ಮ ಕಾಲೇಜಲ್ಲಾ? ಇಂಥ ಮಾತೇ ಆಗಿಲ್ಲ. ಇವರು ಯಾರು ಅಂತಾನೇ ನನಗೆ ಗೊತ್ತಿಲ್ಲ. ಮಕ್ಕಳು ಏನೋ ಯಂತ್ರ ಮಾಡಿದಾರೆ ಅಂದ್ರಿ, ನೋಡೋಣ ಅಂತ ಬಂದೆ.”

ಯಾಕೆ ಎನ್ನುವುದು ಸಿಕ್ಕಿತು. ಮೇಡಂ ಬಂದರೆ ಸುಳ್ಳು ಬಯಲಾಗುತ್ತದೆ. ಚಕ್ರ ಇಲ್ಲದಿದ್ದರೆ ಮೇಡಂ ಬರುವುದಿಲ್ಲ. ಕಳ್ಳನೇನೋ ಸಿಕ್ಕಿದ, ಮಗಳ ಓದು ಮಣ್ಣಾಯಿತು. ಅನಸೂಯಮ್ಮ ಗೋಡೆಗೊರಗಿ ಕೂತುಬಿಟ್ಟಳು.

ಸುಮಿತಾ ಯಾರ ಮುಖವನ್ನೂ ನೋಡಲಿಲ್ಲ. ಚಕ್ರ ಕೂರಿಸಿ, ನಟ್ಟು ಬಿಗಿದು, ಸ್ವಿಚ್ ಒತ್ತಿದಳು. ಜೋಳದ ದಂಟು ಸರಸರನೆ ಚೂರಾಗಿ ಬಿತ್ತು. ಮೇಡಂ ಬಗ್ಗಿ ನೋಡಿದರು. ಒಂದು ಹಿಡಿ ಎತ್ತಿ ಅಂಗೈಯಲ್ಲಿ ಹರಡಿದರು. ಎಲ್ಲ ಒಂದೇ ಅಳತೆ.

“ಹತ್ತನೇ ತರಗತಿ ಆಗಿದೆಯೇನಮ್ಮ?”

“ಮುಕ್ತ ಶಾಲೇಲಿ ಪಾಸಾಗಿದೀನಿ ಮೇಡಂ.”

“ಮತ್ತೆ ಸರ್ಕಾರಿ ಪಾಲಿಟೆಕ್ನಿಕ್‌ಗೆ ಯಾಕೆ ಅರ್ಜಿ ಹಾಕಿಲ್ಲ? ಮುಕ್ತ ಶಾಲೆಯವರೂ ಹಾಕಬಹುದು. ಫೀಸೂ ಕಡಿಮೆ. ಯಾರೂ ಹೇಳಲಿಲ್ವಾ?”

ಎಲ್ಲರ ಕಣ್ಣೂ ನರೇಶನ ಮೇಲೆ ಬಿತ್ತು.

“ಹೇಳಿದ್ರೆ ನನ್ನ ಕ್ಲಾಸಿಗೆ ಯಾರು ಬರ್ತಿದ್ರು,” ಎಂದ ಅವನು, ನೆಲ ನೋಡುತ್ತ.

ಅನಸೂಯಮ್ಮ ಎದ್ದು ಕೈ ಎತ್ತಿದ್ದು ನಿಜ. ಆದರೆ ಮೇಡಂ ಹೇಳಿದ ಮುಂದಿನ ಮಾತಿಗೆ ಆ ಕೈ ಮೇಲೆಯೇ ನಿಂತಿತು.

“ಈ ವರ್ಷದ ಅರ್ಜಿಗೆ ಇವತ್ತು ಸಂಜೆಯೇ ಕೊನೆ. ನನ್ನ ಜೊತೆ ಈಗಲೇ ಬಂದ್ರೆ ಬಂಗಾರಪೇಟೇಲಿ ಹಾಕಿಸ್ತೀನಿ.”

“ಕುಪ್ಪುಸ್ವಾಮಣ್ಣ, ಪೊಲೀಸ್‌ಗೆ ಫೋನ್ ಮಾಡಿ, ಅವ್ರು ಬರೋಗಂಟ ಈವಯ್ಯನ್ನ ಇಡ್ಕಂಡಿರಿ.”

“ನೀ ಓಡಮ್ಮಾ, ನಾನ್ ಪಾತ್ಕೋತೀನಿ,” ಎಂದ ಕುಪ್ಪುಸ್ವಾಮಿ, ನರೇಶನ ಮೇಲೆ ಕಣ್ಣಿಟ್ಟು.

* * *

ಹತ್ತಿರದ ಮಾರಿಕುಪ್ಪಂ ಸ್ಟೇಷನ್‌ನಲ್ಲಿ ರೈಲು ಅಲುಗಿದ ಮೇಲೆಯೇ ಮೂವರೂ ಹತ್ತಿದರು. ಸುಮಿತಾಳ ಕೈ ಮೊಣಕೈವರೆಗೂ ಗ್ರೀಸು. ಮೇಡಂಗೆ ತೋರಿಸಲೆಂದು ತಂದಿದ್ದ ಮಾರ್ಕ್ಸ್ ಕಾರ್ಡು ಚೀಲದಲ್ಲೇ ಇತ್ತು.

“ಅಮ್ಮಾ, ಕ್ಲಾಸಲ್ಲಿ ಇನ್ನೂ ಮೂರು ಜನ ಅವ್ರೆ, ಎಲ್ಲಾ ಬಂಗಾರಪೇಟೆ ಕಡೆಯೋರೇ,” ಎಂದಳು ಸುಮಿತಾ. “ಅವ್ರಿಗೂ ಗೊತ್ತಿಲ್ಲ.”

ಅನಸೂಯಮ್ಮ ಫೋನು ತೆಗೆದಳು. ಅವಳ ದನಿ ಇಡೀ ಬೋಗಿಗೆ ಕೇಳಿಸಿತು. “ಮುನಿನಾರಾಯಣಮ್ಮ, ಮಗನ ಮಾರ್ಕ್ಸ್ ಕಾರ್ಡ್ ಎತ್ಕೊಂಡು ಬಂಗಾರಪೇಟೆ ಸ್ಟೇಷನ್‌ಗೆ ಬಾ. ಸೀರೆ ಬದಲಾಯಿಸ್ಬೇಡ. ಆಮೇಲೆ ಏಳ್ತೀನಿ, ಓಡು ಮೊದ್ಲು.” ಅದನ್ನೇ ಇನ್ನೆರಡು ಮನೆಗೂ ಹೇಳಿದಳು.

ಬಂಗಾರಪೇಟೆ ಬಂತು. ಪ್ಲಾಟ್‌ಫಾರಂ ಮೇಲೆ ಮೂರು ಮಕ್ಕಳು ತಾಯಂದಿರ ಜೊತೆ ಏದುಸಿರು ಬಿಡುತ್ತ ನಿಂತಿದ್ದರು. ಒಬ್ಬ ಹುಡುಗನ ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ. ರೈಲು ಪೂರ್ತಿ ನಿಲ್ಲುವ ಮುಂಚೆಯೇ ಸುಮಿತಾ ಧುಮುಕಿದಳು.

“ಕಾಲು ಮುರ್ಕೊಂತೀಯ ಕಣೇ,” ಎಂದು ಬೈಯುತ್ತ, ಅನಸೂಯಮ್ಮ ತಾನೂ ಹಿಂದೆಯೇ ಧುಮುಕಿದಳು.